ಸೈತಾನನ ಮೊಣಕಾಲಿನ ತೇಪೆ

ವಿಯೆಂತೊ ಫ್ರಿಯೊ
ವಿಭೂತಿ ಬುಧವಾರದ ಮರುದಿನ

ಸೆಲೆದೊನಿಯೊನಿಗೆ,

ದೇವರು ನಿನ್ನನ್ನು ಕಾಪಾಡಲಿ. ನನ್ನ ಕೈಗೆ ಸಿಗುವ ತನಕವಾದರೂ ಕಾಪಾಡಲಿ.

ನಾನು ಮನೆಯಲ್ಲಿ ಇಲ್ಲದಾಗ ನನ್ನ ಛಾವಣಿ ಹತ್ತು ಎಂದು ನಿನಗೆ ಯಾರು ಹೇಳಿದರು? ನೀನು ಮನೆ ಬಿಟ್ಟಾಗಿನಿಂದ ಅಡುಗೆಮನೆಯ ತಗಡು ಸೋರುತ್ತಿದೆ. ಇಷ್ಟು ಕಾಲದಲ್ಲಿ ನಾನು ಬೆಳಗಿನಿಂದ ಕತ್ತಲಾಗುವ ತನಕ ಮನೆಗೆ ಬೀಗ ಹಾಕಿ ಹೋದದ್ದು ನಿನ್ನೆ ಒಂದು ದಿನ. ಆ ದಿನವನ್ನೇ ಆರಿಸಿಕೊಂಡು ಸುತ್ತಿಗೆ ಹಿಡಿದು ಬಂದೆಯಲ್ಲ, ನಿನಗೆ ಏನು ಹೇಳಲಿ!

ಪಕ್ಕದ ಮನೆಯ ಹಸಿಂತಾ ಎಲ್ಲವನ್ನೂ ಹೇಳಿದಳು. ನೀನು ಬಾಗಿಲು ಬಡಿದದ್ದು, ಮೆಟ್ಟಿಲ ಮೇಲೆ ಕೂತದ್ದು, ಕೂತು ಬೇಸರ ಬಂದು ಛಾವಣಿ ಹತ್ತಿದ್ದು. ಸಂಜೆ ಹೊರಡುವಾಗ ಅವಳ ಹತ್ತಿರ ಹೇಳಿದೆಯಂತೆ: "ನಾನು ಬರೋದು ಕಂಡು ಹಿತ್ತಲ ಬಾಗಿಲಿಂದ ಹೋಗಿದ್ದಾಳೆ ಅವಳು. ಇರಲಿ ಬಿಡು. ಶನಿವಾರ ಕೊಲೋನ್ ಪಟ್ಟಣಕ್ಕೆ ಹೋಗಿಬಿಡ್ತೀನಿ, ಬಂದರಲ್ಲಿ ಕೆಲಸ ಇದೆ. ಇನ್ನು ಅವಳಿಗೆ ನನ್ನ ಕಾಟ ಇಲ್ಲ ಅಂತ ಹೇಳು." ಹೇಳುವಾಗ ಹಸಿಂತಾ ಒಳ್ಳೆ ಸಾವಿನ ಮನೆಯ ಮುಖ ಮಾಡಿಕೊಂಡಿದ್ದಳು. ಒಳಗೊಳಗೇ ಅವಳಿಗೆ ಖುಷಿ. ಇಂಥ ಸುದ್ದಿ ಅವಳಿಗೆ ದಿನವೂ ಸಿಗುತ್ತದೆಯೇ?

ಹಿತ್ತಲ ಬಾಗಿಲಂತೆ! ಆ ಚಿಲಕ ತುಕ್ಕು ಹಿಡಿದು ಕೂತಿದೆ. ಅದನ್ನು ತೆಗೆಯುವವನು ನೀನೊಬ್ಬನೇ, ನೀನು ಹೋದ ಮೇಲೆ ಅದು ತೆರೆದೇ ಇಲ್ಲ. ಛಾವಣಿ ಹತ್ತಿದವನು ಒಮ್ಮೆ ಬಗ್ಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ಈ ಪತ್ರ ಬರೆಯುವುದು ಅದಕ್ಕಾಗಿ ಮಾತ್ರ. ನಾನು ಎಲ್ಲಿದ್ದೆ ಎಂದು ನೀನು ತಿಳಿದುಕೊಂಡು ಹೋಗು. ಸುಳ್ಳನ್ನು ಹೊತ್ತುಕೊಂಡು ಕೊಲೋನಿಗೆ ಹೋಗಬೇಡ.

ನಾನು ನಿನ್ನೆ ಪೋರ್ತೊಬೆಲೊದಲ್ಲಿದ್ದೆ, ನೀನು ಈಗ ಇರುವ ಊರಲ್ಲೇ. ಸಾನ್ ಹೆರೋನಿಮೊ ಕೋಟೆಯಲ್ಲಿ, ನೀನು ವರ್ಷವೂ ಸೈತಾನನ ವೇಷ ಕಟ್ಟುವಲ್ಲಿ.

ಹಿಗ್ಗಬೇಡ. ನಾನು ಹೋದದ್ದು ಹಣೆಗೆ ವಿಭೂತಿ ಹಾಕಿಸಿಕೊಳ್ಳಲು. ನಮ್ಮೂರ ಇಗರ್ಜಿಯಲ್ಲೂ ಹಾಕುತ್ತಾರೆ, ಗೊತ್ತು. ಆದರೆ ಪಾದ್ರಿ ಇಲ್ಲಿಗೆ ಬರುವಾಗ ಮಧ್ಯಾಹ್ನವಾಗುತ್ತದೆ. ಅಲ್ಲಿ ಕಪ್ಪು ನಜರೇನನ, ಆ ಕರಿ ಯೇಸುವಿನ ಮೂರ್ತಿಯ, ಪಾದದ ಹತ್ತಿರವೇ ಹಾಕಿಸಿಕೊಳ್ಳಬಹುದು. ಬುತ್ತಿ ಕಟ್ಟಿಕೊಂಡು ಹೋಗಿದ್ದೆ: ತೆಂಗಿನ ಹಾಲಿನ ಅನ್ನ, ಹುರಿದ ಮೀನು. ಇಬ್ಬರಿಗಾಗುವಷ್ಟು ಯಾಕೆ ಎಂದು ಕೇಳಬೇಡ. ದಾರಿಯಲ್ಲಿ ಹಸಿವಾಗುತ್ತದೆ.

ನಮ್ಮಿಬ್ಬರ ಬಸ್ಸುಗಳು ಯಾವುದೋ ಸೇತುವೆಯ ಹತ್ತಿರ ಒಂದಕ್ಕೊಂದು ದಾರಿ ಬಿಟ್ಟಿರಬೇಕು. ಆಗ ನಾನು ಜಪಮಾಲೆ ಹಿಡಿದು ಕಣ್ಣು ಮುಚ್ಚಿದ್ದೆ. ನೀನಂತೂ ಬಸ್ಸು ಹತ್ತಿದರೆ ಗೊರಕೆ. ಭಾನುವಾರದ ಪೂಜೆಗೆ ನಮ್ಮನ್ನು ಕರೆದೊಯ್ಯುವ ಡ್ರೈವರ್ ಉಬಾಲ್ದೊ ಇದ್ದಿದ್ದರೆ ಹಾರನ್ ಹೊಡೆದು ಎಬ್ಬಿಸುತ್ತಿದ್ದ. ನಿನ್ನೆ ಅವನು ರಜೆ. ಬೇರೆ ಯಾರೋ ಓಡಿಸುತ್ತಿದ್ದ. ರಜೆ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿತ್ತು.

ವಿಭೂತಿ ಹಾಕಿಸಿಕೊಂಡು ಕೋಟೆಗೆ ಬಂದೆ. ಬಾಗಿಲಲ್ಲೇ ಶುರುವಾಯಿತು ನನ್ನ ಗ್ರಹಚಾರ. ಕೊಡೆ ಹಿಡಿದ ಗೈಡ್ ಒಬ್ಬ ವಿದೇಶಿಯರ ಗುಂಪಿಗೆ ಫಿರಂಗಿ ತೋರಿಸುತ್ತಿದ್ದ. ನನ್ನನ್ನೂ ಕೊಡೆಯಿಂದಲೇ ತೋರಿಸಿದ. ಅವರು ಫೋಟೊ ತೆಗೆದರು. ಆ ಫಿರಂಗಿಯ ಮೇಲೆ ಕಾಲು ಇಳಿಬಿಟ್ಟು ಕೂತು ಉಪ್ಪು ಹಚ್ಚಿದ ಮಾವಿನಕಾಯಿ ತಿಂದು ಬೆಳೆದವಳು ನಾನು. ಈಗ ನಾನೂ ಫಿರಂಗಿಯ ಸಾಲಿಗೆ ಸೇರಿದೆ! ಗೋಡೆಯ ಮೇಲೆ ರಣಹದ್ದುಗಳು ರೆಕ್ಕೆ ಬಿಡಿಸಿ ಬಿಸಿಲು ಕಾಯುತ್ತಿದ್ದವು. ಅವುಗಳ ಫೋಟೊ ಯಾರೂ ತೆಗೆಯಲಿಲ್ಲ.

ಒಳಗೆ ಡೋಲಿನ ಸದ್ದಿಗೆ ಹವಳದ ಕಲ್ಲು ಕೂಡ ನಡುಗುತ್ತಿತ್ತು. ದಣಿಗಳಿಂದ ತಪ್ಪಿಸಿಕೊಂಡ ಗುಲಾಮರ ವೇಷದಲ್ಲಿ ಕಾಂಗೊ ಕುಣಿಯುವವರು ನನ್ನನ್ನು ಕಂಡದ್ದೇ ತಡ, ಹಗ್ಗ ಹಾಕಿ ಹಿಡಿದರು. ಅಂಗಿ ತಿರುಗುಮುರುಗಾಗಿ ತೊಟ್ಟು ಮುಖಕ್ಕೆ ಮಸಿ ಬಳಿದುಕೊಂಡ ಒಬ್ಬ, ಆ ಮೀನು ಮಾರುವ ಎಲಿಯಾಸ್ ಇರಬೇಕು, ನನ್ನ ಸೊಂಟಕ್ಕೆ ಹಗ್ಗ ಬಿಗಿದು, "ಹೋಗಮ್ಮ ಹೋಗು, ನಿನ್ನಂಥ ಕುರೂಪಿ ನಮ್ಮ ಕೋಟೆಗೆ ಬೇಡವೇ ಬೇಡ" ಎಂದು ಒಳಗೆಳೆದ. ಆಟದ ದಿನಗಳಲ್ಲಿ ಅವರದ್ದು ಎಲ್ಲವೂ ಉಲ್ಟಾ ಮಾತು, ನನಗೇನು ಹೊಸದೇ? ಆದರೂ ಸಿಟ್ಟು ಬಂತು. "ನಾನು ಆಟಕ್ಕೆ ಬಂದಿಲ್ಲ ಕಣೋ, ಉಪವಾಸದಲ್ಲಿದ್ದೀನಿ" ಎಂದೆ. "ಉಪವಾಸದವಳ ಚೀಲದಿಂದ ಹುರಿದ ಮೀನಿನ ವಾಸನೆ ಬರಲ್ಲಪ್ಪ, ಬರೋದೇ ಇಲ್ಲ" ಎಂದು ಅವನು ಎಲ್ಲರಿಗೂ ಕೇಳುವಂತೆ ಕೂಗಿದ. ಒತ್ತೆ ಬಿಡಿಸಿಕೊಳ್ಳಲು ಏನಾದರೂ ಕೊಡಬೇಕಲ್ಲ, ಬುತ್ತಿಯನ್ನೇ ಕಿತ್ತುಕೊಂಡರು. ರಾಣಿ ವೇಷದ ಮುದುಕಿ ನನ್ನ ಕಣ್ಣೆದುರೇ ತೆಂಗಿನ ಅನ್ನ ಬಾಯಿಗೆ ಹಾಕಿಕೊಂಡು, "ಥೂ, ಉಪ್ಪೂ ಇಲ್ಲ, ರುಚಿಯೂ ಇಲ್ಲ" ಎಂದು ಬುತ್ತಿಯ ತಳ ಬಳಿದು ತಿಂದಳು. ಬೆಳಗಿನ ಜಾವ ಎದ್ದು ತೆಂಗು ತುರಿದಿದ್ದೆ ನಾನು.

ನಿನ್ನನ್ನು ಕೇಳಿದೆ. "ಸೆಲೆದೊನಿಯೊನಾ? ಅವನ ಹೆಸರೇ ಕೇಳಿಲ್ಲ ನಾವು" ಎಂದರು. ಆ ಹೊತ್ತಿಗೆ ಅವರನ್ನು ಕೇಳಿದ್ದು ನನ್ನದೇ ತಪ್ಪು.

ಅಷ್ಟರಲ್ಲಿ ಸೈತಾನರು ಬಂದರು. ಕೆಂಪು ಕಪ್ಪು ಬಟ್ಟೆ, ಕಾಲಲ್ಲಿ ಗೆಜ್ಜೆ, ಕೈಯಲ್ಲಿ ಚಾಟಿ, ಕೊಂಬಿನ ಮುಖವಾಡ. ಯಾರು ಯಾರೆಂದು ಹೆತ್ತ ತಾಯಿಗೂ ತಿಳಿಯದು. ನನಗೆ ಮಾತ್ರ ತಿಳಿಯಿತು. ಒಬ್ಬನ ಎಡ ಮೊಣಕಾಲಿನ ಮೇಲೆ ನನ್ನ ತೇಪೆ ಇತ್ತು. ನಮ್ಮ ಮಲಗುವ ಕೋಣೆಯ ಹಳೆ ಪರದೆಯ ತುಂಡು, ಆ ಮಾಸಲು ಕೆಂಪು. ಅದನ್ನು ಹಚ್ಚಿದ್ದು ನಾನೇ. ನೀನು ಇದೇ ಕೋಟೆಯ ಗೋಡೆಯಿಂದ ಬಿದ್ದು ಪ್ರಜ್ಞೆ ಇಲ್ಲದೆ ಮಲಗಿದ ವರ್ಷಕ್ಕಿಂತ ಮುಂಚೆ.

ಆ ಜಗಳವನ್ನು ಮತ್ತೆ ಎತ್ತುವುದಿಲ್ಲ. ಆದರೆ ನಾನು ಹರಕೆ ಹೊತ್ತದ್ದು ಸರಿಯೇ. ನೀನು ಕಣ್ಣು ತೆರೆದರೆ ಸೈತಾನನ ಬಟ್ಟೆ ನಮ್ಮ ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ನಜರೇನನಿಗೆ ಮಾತು ಕೊಟ್ಟೆ. ನೀನು ಕಣ್ಣು ತೆರೆದೆ. ಮಾತು ಮಾತೇ. "ನನ್ನ ಕೇಳದೆ ನನ್ನ ಮೇಲೆ ಹರಕೆ ಹೊತ್ತೆಯಾ?" ಎಂದು ನೀನು ಕೂಗಾಡಿದೆ. ಪ್ರಜ್ಞೆ ಇಲ್ಲದವನನ್ನು ಹೇಗೆ ಕೇಳಲಿ? "ಈ ಕರಾವಳಿಯಲ್ಲಿ ನನ್ನಷ್ಟು ಸಲ ದೀಕ್ಷಾಸ್ನಾನ ಆದೋರು ಯಾರೂ ಇಲ್ಲ, ಪಾದ್ರಿಗೂ ಇಲ್ಲ" ಎಂದು ಜಂಬದ ಮಾತಾಡಿ, ಆ ವೇಷವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದೆ. ಎತ್ತುವುದಿಲ್ಲ ಎಂದೆನಲ್ಲ, ಇಲ್ಲಿಗೇ ಬಿಟ್ಟೆ.

ತೇಪೆ ಕಂಡದ್ದೇ ನಾನು ಅವನ ತೋಳು ಹಿಡಿದೆ. ಚಾಟಿ ಎತ್ತಿದ. ನಾನು ವಿಭೂತಿ ಹಚ್ಚಿದ ಹಣೆ ತೋರಿಸಿದೆ. ಚಾಟಿ ಇಳಿಯಿತು. ಸಮುದ್ರದ ಕಡೆಯ ಮೂಲೆಯಲ್ಲಿ ಕಾವಲು ಗೂಡು ಇದೆಯಲ್ಲ, ಅಲ್ಲಿಗೆ ತಳ್ಳಿಕೊಂಡು ಹೋದೆ. ಅವನು ಕೈ ಆಡಿಸಿದ, ತಲೆ ಆಡಿಸಿದ, ಕೊಂಬು ಗೋಡೆಗೆ ತಾಗಿತು. "ಸುಮ್ನೆ ನಿಂತ್ಕೊಂಡು ಕೇಳು, ಒಂದು ಸಲಾನಾದ್ರೂ ಕೇಳು" ಎಂದೆ. ಆಟದ ಕೊನೆಗೆ ತಲೆಯ ಮೇಲೆ ದೀಕ್ಷಾಸ್ನಾನದ ನೀರು ಬೀಳುವ ತನಕ ಸೈತಾನ ಮಾತಾಡಬಾರದು ಎಂಬ ನಿಯಮ. ಸಂಸಾರದಲ್ಲಿ ಸಿಗದ ಅನುಕೂಲ ಅಲ್ಲಿ ಸಿಕ್ಕಿತು.

ಏನೇನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ತಗಡು ಸೋರುವುದನ್ನು ಹೇಳಿದೆ. ಬೇರೆಯದನ್ನೂ ಹೇಳಿದೆ. ತಟ್ಟೆ ಇಡುವಾಗ ಕೈ ಇನ್ನೂ ಎರಡನ್ನು ತೆಗೆಯುತ್ತದೆ ಎಂದೂ ಬಾಯಿಂದ ಬಂತು. ಆಮೇಲೆ ಬಂದದ್ದನ್ನು ಬರೆದರೆ ಕಾಗದಕ್ಕೂ ನಾಚಿಕೆಯಾದೀತು. ನನ್ನ ಗಂಡ ಇಷ್ಟೊಂದು ಹೊತ್ತು ಎದುರು ಮಾತಾಡದೆ ನಿಂತಿದ್ದಾನೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆಮೇಲೆ ಬಿಳಿ ಬಟ್ಟೆಯ ದೇವದೂತ ವೇಷದವರು ಬಂದು ಅವನನ್ನು ಎಳೆದೊಯ್ದರು. ನಾನು ಹೊರಡಬಹುದಿತ್ತು. ಪ್ರತಿ ವರ್ಷ ಆ ಹೊತ್ತಿಗೆ ಪೂಜೆಯಲ್ಲಿರುತ್ತಿದ್ದೆ. ನಿನಗೆ ಅಷ್ಟು ವೇಷ ಹೊಲಿದುಕೊಟ್ಟವಳು ಕೊನೆಯ ಆಟವನ್ನು ಒಮ್ಮೆಯೂ ನೋಡಿರಲಿಲ್ಲ. ನಿನ್ನೆ ನಿಂತೆ. ಸೈತಾನರು ಓಡಿದರು, ಗೋಡೆ ಹತ್ತಿದರು, ಫಿರಂಗಿಯ ಹಿಂದೆ ಅಡಗಿದರು. ಎಲ್ಲರೂ ಸಿಕ್ಕಿಬಿದ್ದರು. ಚಾಟಿ ಹಿಡಿದು ನಮ್ಮ ಮುತ್ತಜ್ಜಂದಿರನ್ನು ಹೊಡೆದ ದಣಿಗಳು ಕಟ್ಟಿಸಿದ ಕೋಟೆ ಅದು. ಅದೇ ಕೋಟೆಯ ಅಂಗಳದಲ್ಲಿ ಚಾಟಿಯವನು ಮೊಣಕಾಲೂರಿ, ತಲೆ ತಗ್ಗಿಸಿ, ನೀರು ಹಾಕಿಸಿಕೊಂಡ. ಎಲಿಯಾಸ್ ಸಮುದ್ರದಿಂದ ಬಕೆಟ್ಟಿನಲ್ಲಿ ನೀರು ತಂದು ಸುರಿದ. ನಗು ಬರಬೇಕಿತ್ತು. ಬರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಕಣ್ಣಿಗೆ ಇಳಿದಿತ್ತು, ಅದಕ್ಕೇ ಕಣ್ಣೀರು.

ಮುಖವಾಡ ತೆಗೆದರು. ಉಬಾಲ್ದೊ!

ಭಾನುವಾರ ನನ್ನಿಂದ ಬಸ್ಸಿನ ಚಿಲ್ಲರೆ ತೆಗೆದುಕೊಳ್ಳುವ ಉಬಾಲ್ದೊ! ನೆಲ ಬಾಯ್ದೆರೆದು ನುಂಗಬಾರದೇ ಎನ್ನಿಸಿತು. ಅವನು ಒದ್ದೆ ತಲೆಯಲ್ಲೇ ಓಡಿ ಬಂದು, "ಅಕ್ಕಾ, ನಾನು ತಲೆ ಆಡ್ಸಿದ್ನಲ್ಲಾ, ನೀವು ಬಿಡಬೇಕಲ್ಲ" ಎಂದ. ನೀನು ಈ ವರ್ಷ ವೇಷ ಬಿಟ್ಟು ಅವನಿಗೆ ಕೊಟ್ಟೆಯಂತೆ. ಬೆಳಗಿನ ಬಸ್ಸಿಗೇ ನಮ್ಮೂರಿಗೆ ಹೊರಟೆಯಂತೆ. "ಅಣ್ಣ ನಿಮ್ಮನ್ನ ನೋಡೋಕೇ ಹೋಗಿದ್ದು. ಹೊಸ ಅಂಗಿ ಹಾಕ್ಕೊಂಡು ಹೋದ. ನೀವಿಲ್ಲಿ, ಅವನಲ್ಲಿ! ನಿಮ್ಮಿಬ್ಬರಿಗೆ ಒಂದೇ ಬಸ್ಸಲ್ಲಿ ಬರೋದು ಯಾವಾಗ ಗೊತ್ತಾಗುತ್ತೆ?" ಎಂದು ನನಗೇ ಬುದ್ಧಿ ಹೇಳಿದ.

ಮರಳುವ ಬಸ್ಸು ಕೆಟ್ಟು ನಿಂತಿತು, ಬೇಕೆಂದೇ ಕೆಟ್ಟ ಹಾಗೆ. ಗುಡ್ಡದ ತಿರುವಿನಲ್ಲಿ ನಿಂತು ನಾನು ಡ್ರೈವರನನ್ನು ಬೈದೆ, ಎಂಜಿನ್ನನ್ನು ಬೈದೆ, ಕೊನೆಗೆ ದೇವರನ್ನೂ ಸ್ವಲ್ಪ ವಿಚಾರಿಸಿಕೊಂಡೆ. ಮನೆ ಮುಟ್ಟಿದಾಗ ಮೆಟ್ಟಿಲ ಮೇಲೆ ಮೊಳೆ ಬಿದ್ದಿದ್ದವು. ಹಸಿಂತಾ, "ಈಗಷ್ಟೇ ಹೋದ ಕಣೇ" ಎಂದಳು.

ಒಂದು ತಾಸು ಕಾಯಲು ಆಗಲಿಲ್ಲವೇ ನಿನಗೆ? ತೊಟ್ಟ ಹೊಸ ಅಂಗಿಯಲ್ಲಿ ಛಾವಣಿ ಹತ್ತುವ ಮೂಢ ಯಾರಾದರೂ ಇದ್ದಾರೆಯೇ? ಅದು ಮೊಳೆಗೆ ಸಿಕ್ಕಿ ಹರಿದಿದೆ, ನನಗೆ ಗೊತ್ತು. ತಗಡಿನ ಅಂಚಿನಲ್ಲಿ ನೀಲಿ ಎಳೆ ಅಂಟಿಕೊಂಡಿತ್ತು.

ನಾನು ಹೇಳಬೇಕಾದದ್ದು ಇಷ್ಟೇ. ನಾನು ಹಿತ್ತಲಿಂದ ಓಡಿಹೋಗಲಿಲ್ಲ. ನಾನು ಕೋಟೆಯಲ್ಲಿದ್ದೆ. ಇನ್ನು ಕೊಲೋನಿಗೆ ಹೋಗುವುದೂ ಬಿಡುವುದೂ ನಿನಗೆ ಸೇರಿದ್ದು. ನಾನು ಬೇಡವೆನ್ನುವವಳಲ್ಲ.

ಈ ಪತ್ರವನ್ನು ನಾಳೆ ತಂದುಕೊಡುವವನು ಉಬಾಲ್ದೊನೇ. ಅಂಟು ಹಚ್ಚಿ ಮುಚ್ಚಿದ್ದೇನೆ. ಒಡೆದು ಓದಿದರೂ ಅವನಿಗೆ ಇದರಲ್ಲಿ ಹೊಸದೇನೂ ಇಲ್ಲ.

ಶನಿವಾರ ಇಡೀ ದಿನ ಮನೆಯಲ್ಲೇ ಇರುವ,
ಎವಾರಿಸ್ತಾ

ಮರೆತ ಮಾತು: ಉಬಾಲ್ದೊ ಓಡುವಾಗ ಬಿದ್ದು ಮೊಣಕಾಲಿನ ತೇಪೆ ಕಿತ್ತುಹೋಗಿತ್ತು. ಕೊಡು, ಹೊಲಿಯುತ್ತೇನೆ ಎಂದು ವೇಷವನ್ನು ಇಸಿದುಕೊಂಡು ಬಂದೆ. ಅದು ಈಗ ಅಡುಗೆಮನೆಯ ಬಾಗಿಲ ಹಿಂದೆ ತೂಗುತ್ತಿದೆ, ನೀನು ಮೊಳೆ ಹೊಡೆದ ತಗಡಿನ ಕೆಳಗೆ. ಹರಕೆ ಮುರಿದಳು ಎಂದು ಆಡಿಕೊಳ್ಳಬೇಡ. ಪ್ರಾಣಕ್ಕೆ ಬಂದಾಗ ಯಾರು ನೀರು ಹಾಕಿದರೂ ದೀಕ್ಷಾಸ್ನಾನ ಸಲ್ಲುತ್ತದೆ ಎಂದು ಪಾದ್ರಿಯೇ ಹೇಳಿದ್ದಾರೆ. ಆ ಬಟ್ಟೆಯ ಮೇಲೆ ಬಕೆಟ್ಟು ತುಂಬ ನೀರು ಬಿದ್ದದ್ದನ್ನು ನಾನೇ ಕಣ್ಣಾರೆ ಕಂಡೆ. ಈಗ ಅದರಲ್ಲಿ ಸೈತಾನನದ್ದು ಏನೂ ಉಳಿದಿಲ್ಲ. ರಾತ್ರಿ ಪ್ರಾರ್ಥನೆಯಲ್ಲಿ ನಜರೇನನಿಗೂ ಹಾಗೆಯೇ ಹೇಳಿದೆ. ಅವನೇನೂ ಬೇಡವೆನ್ನಲಿಲ್ಲ. ಉಬಾಲ್ದೊ ಸೊಂಟವನ್ನು ಬಿಗಿ ಮಾಡಿಸಿಕೊಂಡಿದ್ದ, ಆ ಹೊಲಿಗೆ ಬಿಚ್ಚಿದ್ದೇನೆ. ನಿನ್ನ ಹಳೆಯ ಅಳತೆ ನನಗೆ ನೆನಪಿದೆ. ಕಂಡವರ ಕೈಯಡುಗೆ ತಿಂದು ಇಳಿದುಹೋಗಿದ್ದೀಯೋ ಏನೋ, ಇಲ್ಲಿ ಕೂತು ನನಗೆ ಹೇಗೆ ತಿಳಿಯಬೇಕು? ಸೂಜಿಯಲ್ಲಿ ದಾರ ಹಾಗೆಯೇ ಬಿಟ್ಟಿದ್ದೇನೆ.