ಕೆಳಗಿಟ್ಟ ಕಾಫಿ ಬಟ್ಟಲು

ಪ್ರೀತಿಯ ಅಜ್ಜಿ,

ಈ ಅಕಬಾ ಪಟ್ಟಣದಲ್ಲಿ ಎಂಥ ಬಿಸಿಲೆಂದರೆ, ತಣ್ಣೀರಿನ ನಲ್ಲಿ ತಿರುಗಿಸಿದರೂ ಕೈ ಸುಡುತ್ತದೆ. ನಿನ್ನೆ ಅಬು ಸಾಹೆರ್ ಎಂಬ ಹಿರಿಯರ ಮನೆಯಲ್ಲಿ ಒಡೆದ ಪೈಪು ಸರಿಮಾಡಿದೆ. ಮನೆಯಲ್ಲಿ ಹೆಂಗಸರಷ್ಟೇ ಇರುವ ಹೊತ್ತಿಗೆ ನನ್ನಂಥ ಪ್ಲಂಬರ್ ಹುಡುಗಿಯೇ ಬೇಕು. ಆ ಹಿರಿಯರು ಪಕ್ಕದಲ್ಲಿ ಕಟ್ಟಿಸುತ್ತಿರುವ ನಾಲ್ಕಂತಸ್ತಿನ ಕಟ್ಟಡಕ್ಕೆ ಮಾತ್ರ ಗಂಡಸರೇ ಆಗಬೇಕಂತೆ. ಆ ಒಂದು ಕೆಲಸ ಸಿಕ್ಕಿದ್ದರೆ ಸ್ವಂತ ಅಂಗಡಿ ತೆರೆಯುತ್ತಿದ್ದೆ.

ಪೈಪಿನ ಕೆಲಸ ಮುಗಿಯುವಷ್ಟರಲ್ಲಿ ಹಿರಿಯರು ಮನೆಗೆ ಬಂದು ತಾವೇ ಕಾಫಿ ಬಗ್ಗಿಸಿ ಕೊಟ್ಟರು. ನನ್ನ ಕೈಯೆಲ್ಲ ಗ್ರೀಸು. ಒರೆಸಿಕೊಳ್ಳೋಣವೆಂದು ಬಟ್ಟಲನ್ನು ಹಾಗೇ ಕೆಳಗಿಟ್ಟೆ. ಅವರು ನೆಟ್ಟಗೆ ಕೂತರು.

"ಕುಡೀದೇ ಇಟ್ಯಲ್ಲ ಮಗಳೇ, ಏನೋ ಕೇಳೋದಿದೆ ನಿಂಗೆ. ಕೇಳು. ನಮ್ಮನೇಲಿ ಕೇಳಿದ್ದು ಸಿಗದೆ ಯಾರ ಬಟ್ಟಲೂ ತಣ್ಣಗಾಗಿದ್ದಿಲ್ಲ."

"ಅಯ್ಯೋ, ಏನಿಲ್ಲ ದೊಡ್ಡಪ್ಪ, ಕೈ ಕೊಳೆಯಾಗಿತ್ತು ಅಷ್ಟೆ," ಎಂದು ಗಟಗಟ ಕುಡಿದುಬಿಟ್ಟೆ.

ಅವರ ಸೊಸೆ ಬಾಗಿಲವರೆಗೂ ಬಂದು ಬೈದಳು: "ದಡ್ಡಿ ಕಣೇ ನೀನು! ಆ ಕಟ್ಟಡದ ಕೆಲ್ಸ ಕೊಡಿ ಅಂದಿದ್ರೆ, ಮಾವನವ್ರು ಇಲ್ಲ ಅನ್ನೋ ಹಾಗೇ ಇರ್ಲಿಲ್ಲ."

ಅಜ್ಜನ ಕಡೆಯವರು ನಿನ್ನನ್ನು ಹೆಣ್ಣು ಕೇಳಲು ಬಂದಾಗಲೂ ಬಟ್ಟಲು ಕೆಳಗಿಟ್ಟು, ನಿಮ್ಮಪ್ಪ ಹೂಂ ಅಂದ ಮೇಲೇ ಕುಡಿದರಂತಲ್ಲ. ಆ ಕಥೆ ಎಷ್ಟು ಸಲ ಹೇಳಿದ್ದೀಯ! ಹೊತ್ತಿಗೆ ಸರಿಯಾಗಿ ಹೊಳೆಯಲಿಲ್ಲ ನೋಡು.

ಮಂಡಿ ನೋವಿಗೆ ನಿನ್ನ ಆಲಿವ್ ಎಣ್ಣೆ ಹಚ್ಚುತ್ತಿದ್ದೇನೆ, ಈಗ ವಾಸಿ. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತ ಬಂತು. ಇವತ್ತು ಬೆಳಿಗ್ಗೆ ಆ ಕಟ್ಟಡದ ಮುಂದೆ ಬೇರೆ ಯಾರೋ ಪೈಪು ಇಳಿಸುತ್ತಿದ್ದರು.

ಕಾಫಿ ಮಾತ್ರ ಬಹಳ ಚೆನ್ನಾಗಿತ್ತು, ಅಜ್ಜಿ.

ನಿನ್ನ ತಹಾನಿ