ಏಳು ಗಂಟೆಯ ನಿದ್ದೆ

ತಮ್ಮಾ,

ನಿನ್ನೆ ರಾತ್ರಿ ನಾನು ಏಳು ಗಂಟೆ ನಿದ್ದೆ ಮಾಡಿದೆ. ನೀನು ಓಡಿಸುತ್ತಿದ್ದ ಖಾಲಿ ಬಸ್ಸು ಸೇತುವೆಯ ಕಂಬಕ್ಕೆ ಗುದ್ದಿ ನೀನು ಹೋದಮೇಲೆ, ಈ ಹನ್ನೊಂದು ತಿಂಗಳಲ್ಲಿ ಇದೇ ಮೊದಲು. ಎದ್ದು ಹಲ್ಲುಜ್ಜುವವರೆಗೂ ನೀನಿಲ್ಲ ಎಂಬುದು ನೆನಪಿಗೇ ಬರಲಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಹೇಳಿದಾಗ, ನನ್ನ ನಿದ್ದೆಯ ತೊಂದರೆಗೆ ನೋಡುತ್ತಿರುವ ಡಾಕ್ಟರಮ್ಮನಿಗೆ ನನಗಿಂತ ಹೆಚ್ಚು ಖುಷಿಯಾಯಿತು. ಅವರು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದ್ದೆ. ಸಂಜೆಯ ಕಾಫಿ ಬಿಟ್ಟೆ. ದಿನವೂ ಒಂದೇ ಹೊತ್ತಿಗೆ ಎದ್ದೆ. ಮಲಗಿದಾಗ ಕಾಲ್ಬೆರಳಿನಿಂದ ಹಣೆಯವರೆಗೆ ಮೈಯನ್ನು ನಿಧಾನಕ್ಕೆ ಸಡಿಲ ಬಿಟ್ಟೆ. 'ಬಂದರೆ ಬರಲಿ, ಬಿಟ್ಟರೆ ಬಿಡಲಿ' ಎಂದುಕೊಂಡು ನಿದ್ದೆಯ ಬೆನ್ನು ಹತ್ತುವುದನ್ನೇ ನಿಲ್ಲಿಸಿದೆ. ಇಷ್ಟೇ ಕಣೋ. ಕಷ್ಟದ್ದೇನೂ ಇರಲಿಲ್ಲ.

ಬಸ್ಸು ಗುದ್ದಿದ ಆ ದಿನ ಬೆಳಿಗ್ಗೆ ನೀನು ಕೆಂಪಾದ ಕಣ್ಣು ಉಜ್ಜಿಕೊಳ್ಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಅಕ್ಕಾ, ನಾಲ್ಕು ದಿನದಿಂದ ಕಣ್ಣೇ ಮುಚ್ಚಿಲ್ಲ. ಇವತ್ತೊಂದಿನ ರಜೆ ಹಾಕ್ಲಾ?"

"ನಿದ್ದೆ ಬರ್ಲಿಲ್ಲ ಅಂತ ಯಾರಾದ್ರೂ ರಜೆ ಹಾಕ್ತಾರೇನೋ? ಮುಖಕ್ಕೆ ತಣ್ಣೀರು ಹಾಕ್ಕೊಂಡು ಹೊರಡು" ಅಂದೆ. ನಿನ್ನ ಖಾಕಿ ಅಂಗಿಗೆ ಇಸ್ತ್ರಿ ಹಾಕಿ ಕೈಗೆ ಕೊಟ್ಟವಳೂ ನಾನೇ.

ಇವತ್ತು ಆಸ್ಪತ್ರೆಯಿಂದ ನಾನು ಹೊರಡಲು ಎದ್ದಾಗ ಡಾಕ್ಟರಮ್ಮ ನನ್ನ ಫೈಲಿನಲ್ಲಿ ಏನೋ ಬರೆಯುತ್ತಾ ತಲೆಯೆತ್ತಿದರು.

"ಒಂದು ಕೇಳೋದು ಮರ್ತಿದ್ದೆ. ನಿಮ್ಮನೇಲಿ ಬೇರೆ ಯಾರಿಗಾದ್ರೂ ಈ ತೊಂದ್ರೆ ಇತ್ತಾ?"

ನಾನು ಚೀಲದ ಜಿಪ್ಪು ಎಳೆದುಕೊಂಡೆ.

"ಇಲ್ಲ ಡಾಕ್ಟ್ರೇ" ಅಂದೆ. "ಯಾರಿಗೂ ಇರ್ಲಿಲ್ಲ."