ಅಭಯ ಎಂಬ ಪದಕ್ಕೆ ಸಿಕ್ಕ ಸಾಕ್ಷಿ

ಕ್ರಿ.ಶ. 2312, ಶ್ರಾವಣ ಶುದ್ಧ ತದಿಗೆ
ಕೃಷ್ಣೆ ತುಂಗಭದ್ರೆಯರ ನಡುವಿನ ಬಂಡೆನಾಡು

ಮುನ್ನೂರು ವರ್ಷಗಳ ಹಿಂದಿನ ಬಂಧುಗಳೇ,

ನನ್ನ ಕನ್ನಡ ನಿಮ್ಮ ಕಿವಿಗೆ ಒರಟಾಗಿ ಕೇಳಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಬರೆಯಲು ಕಲಿತವಳು ನಾನು. ಹೆಸರು ಪಾರ್ವತೆವ್ವ, ವಯಸ್ಸು ಐವತ್ತೆಂಟು. ಹಳೆಯ ಪದಗಳನ್ನು ಕಾಯ್ದಿಡುವ ನಮ್ಮ ಊರಿನ ಪದಮನೆಯಲ್ಲಿ ಕೆಲಸ.

ನಾವು ಚೆನ್ನಾಗಿದ್ದೇವೆ. ಇದನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ನೀವು ನಮ್ಮ ಬಗ್ಗೆ ಬಹಳ ಚಿಂತೆಪಟ್ಟು ಬರೆದದ್ದನ್ನೆಲ್ಲ ಓದಿದ್ದೇನೆ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಬಂಡೆಯೊಳಗೆ ಓಣಿಗಳನ್ನು ಕೊರೆದರು. ಅವನ್ನು ತಂಪುಕೇರಿ ಎನ್ನುತ್ತೇವೆ. ನಸುಕಿನಲ್ಲಿ ಮೇಲೆ ಹೋಗಿ ಜೋಳದ ಹೊಲ ನೋಡಿಕೊಂಡು, ಹೊತ್ತೇರುವ ಮೊದಲೇ ಕೆಳಗಿಳಿಯುತ್ತೇವೆ. ಹತ್ತಿಳಿಯಲು ಕಬ್ಬಿಣದ ಪಂಜರವೊಂದಿದೆ, ಅದಕ್ಕೆ ತೊಟ್ಟಿಲು ಎಂದು ಹೆಸರು. ಎಲ್ಲರ ಕಿವಿಯಲ್ಲೂ ಒಂದು ಪದಕಡ್ಡಿ ಇರುತ್ತದೆ. ಯಾವ ಪದ ಕೇಳಿದರೂ ಅದು ಕ್ಷಣದಲ್ಲಿ ಅರ್ಥ ಉಸುರುತ್ತದೆ. ಕರುಣೆ ಎಂದರೆ ಮರುಕ. ಸೈರಣೆ ಎಂದರೆ ತಾಳ್ಮೆ. ಅಲ್ಲಿಗೆ ಮುಗಿಯಿತು. ಮಕ್ಕಳು ಅರ್ಥ ತಿಳಿದುಕೊಂಡು, ಪದವನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು.

ಆದ್ದರಿಂದ ನಮ್ಮ ಪದಮನೆ ಒಂದು ಕಟ್ಟುನಿಟ್ಟಿನ ನಿಯಮ ಮಾಡಿತು. ಇಂಥ ಪದಗಳು ಮಕ್ಕಳ ಪುಸ್ತಕದಲ್ಲಿ ಉಳಿಯಬೇಕಾದರೆ ಅವಕ್ಕೆ ಜೀವಂತ ಸಾಕ್ಷಿ ಬೇಕು. ಯಾರಾದರೂ ವರ್ಷಕ್ಕೊಮ್ಮೆ ಸೇರುವ ಸಭೆಯಲ್ಲಿ ಎದ್ದು ನಿಂತು, 'ಈ ಪದವನ್ನು ನಾನು ಕಣ್ಣಾರೆ ಕಂಡೆ' ಎಂದು ನಡೆದದ್ದನ್ನು ಹೇಳಬೇಕು. ಮೂರು ವರ್ಷ ಸಾಕ್ಷಿ ಸಿಗದಿದ್ದರೆ ಪದವನ್ನು ತೆಗೆದುಹಾಕುತ್ತಾರೆ. ನನ್ನ ಪಾಲಿಗೆ ಬಂದ ಪದ ಅಭಯ. ಎರಡು ವರ್ಷ ನಾನು ಅದರ ಧಾತು, ವ್ಯುತ್ಪತ್ತಿ, ಎತ್ತಿದ ಅಂಗೈಯ ಶಿಲ್ಪ ಎಲ್ಲವನ್ನೂ ವಿವರಿಸಿದೆ. ಅಧ್ಯಕ್ಷ ತಿಪ್ಪಯ್ಯನವರು ಎರಡು ಸಲವೂ ಒಂದೇ ಮಾತು ಹೇಳಿದರು: "ಪಾಠ ಚಲೋ ಆತ್ರೀ. ಸಾಕ್ಷಿ ಎಲ್ಲೈತಿ?"

ಮೂರನೆಯ ವರ್ಷ, ಸಭೆಗೆ ಹದಿನೈದು ದಿನ ಇರುವಾಗ, ಹೊಲದಿಂದ ಇಳಿಯುತ್ತಿದ್ದ ತೊಟ್ಟಿಲು ನಡುದಾರಿಯಲ್ಲಿ ಸಿಕ್ಕಿಕೊಂಡಿತು. ಬಂಡೆ ಜಾರಿ ಒಂದು ಕಂಬ ಬಾಗಿತ್ತು. ಒಳಗೆ ಒಂಬತ್ತು ಜನ ಇದ್ದೆವು, ತೊಟ್ಟಿಲು ನಡೆಸುವ ಹುಸೇನಬಿಯೂ ಸೇರಿ. ಮೇಲಿನವರು ಹಗ್ಗಕ್ಕೆ ಒಂದು ಬುಟ್ಟಿ ಕಟ್ಟಿ ಇಳಿಬಿಟ್ಟರು. ಒಂದು ಸಲಕ್ಕೆ ಒಬ್ಬರು. ಒಬ್ಬೊಬ್ಬರು ಹೋದಂತೆಲ್ಲ ತೊಟ್ಟಿಲು ಗೇಣುದ್ದ ಕೆಳಗೆ ಜರುಗುತ್ತಿತ್ತು.

ಹುಸೇನಬಿ ಮೊದಲು ತುಂಬು ಬಸುರಿಯೊಬ್ಬಳನ್ನು ಕಳಿಸಿದಳು. ಆಗ ನಾನು ಎದೆ ಹಿಡಿದುಕೊಂಡು, "ನನಗ ಉಸಿರು ಕಟ್ಟಾಕತ್ತೈತಿ" ಎಂದೆ. ಅದು ಸುಳ್ಳು. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಬರ್ರಿ, ಹತ್ರಿ" ಎಂದಳು. ಅಭಯ ಪದದ ಪಂಡಿತೆ ಎರಡನೆಯವಳಾಗಿ ಮೇಲೆ ಬಂದಳು.

ಮೇಲೆ, ತೊಟ್ಟಿಲಿನ ದನಿಯನ್ನು ತರುವ ಮಾತಿನ ಕೊಳವೆಯ ಪಕ್ಕ ಕುಳಿತು ಉಳಿದದ್ದನ್ನೆಲ್ಲ ಕೇಳಿಸಿಕೊಂಡೆ. ಇನ್ನೂ ಐವರು ಬಂದರು. ಕೆಳಗೆ ಹುಸೇನಬಿ ಮತ್ತು ಎಂಬತ್ತರ ದೇವೇಂದ್ರಪ್ಪ ಮಾತ್ರ ಉಳಿದರು. ಮುದುಕ ಸರಳು ಹಿಡಿದುಕೊಂಡು ಕಲ್ಲಾಗಿದ್ದ, ಬುಟ್ಟಿ ಹತ್ತಲೊಲ್ಲ. "ನೀ ಬಾರವ್ವಾ, ಮುತ್ಯಾನ ಕರಕೊಂಡು ಬರಾಕ ಬ್ಯಾರೆಯವರನ್ನ ಕಳಿಸ್ತೀವಿ" ಎಂದು ಮೇಲಿನವರು ಕೂಗಿದರು.

"ನಾ ಬಂದ್ರ ಮುತ್ಯಾ ಒಬ್ಬಾವ ಆಗ್ತಾನ," ಎಂದಳು ಹುಸೇನಬಿ. "ಇಲ್ಲೇ ಕುಂತೀನಿ."

ಆಮೇಲೆ ಅವಳು ಹೆದರಬೇಡ ಎಂದು ಒಂದು ಸಲವೂ ಹೇಳಲಿಲ್ಲ. ಕೇಳಿದ್ದೇ ಬೇರೆ: "ಮುತ್ಯಾ, ನಿಮ್ಮ ಮನ್ಯಾಗ ಪುಂಡಿಪಲ್ಯಕ್ಕ ಬೆಳ್ಳುಳ್ಳಿ ಎಷ್ಟು ಎಸಳು ಹಾಕ್ತಾರ?"

ಕಬ್ಬಿಣ ಕಿರುಗುಟ್ಟಿತು. ಕೊನೆಗೆ ಮುದುಕನ ದನಿ ಬಂತು, ಸಿಟ್ಟಿನಲ್ಲಿ: "ಎಸಳು ಎಣಿಸಿ ಹಾಕಾಕಿ ಅಡಿಗಿ ಮನಿಗೇ ಹೋಗಬಾರದು!"

"ಹಂಗಾರ ಹೆಂಗ ಹಾಕಬೇಕು, ಹೇಳ್ರಿ."

ಅವನು ಹೇಳಿದ. ಒಗ್ಗರಣೆ, ಜೋಳದ ನುಚ್ಚು, ತೀರಿಹೋದ ಹೆಂಡತಿಯ ಕೈರುಚಿ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನ ಬೆರಳು ಒಂದೊಂದಾಗಿ ಸರಳು ಬಿಟ್ಟವಂತೆ. ಅರ್ಧ ಗಂಟೆಯ ಮೇಲೆ ಮುದುಕ ಬುಟ್ಟಿಯಲ್ಲಿ ಮೇಲೆ ಬಂದ. ಬುಟ್ಟಿ ಮತ್ತೆ ಇಳಿಯಿತು. ಹುಸೇನಬಿ ಅದರಲ್ಲಿ ಒಂದು ಕಾಲಿಟ್ಟಿದ್ದಳಷ್ಟೆ, ತೊಟ್ಟಿಲು ಕಳಚಿ ಪಾತಾಳಕ್ಕೆ ಬಿತ್ತು. ಇನ್ನೊಂದು ಪಾದ ಜಜ್ಜಿಹೋಗಿತ್ತು, ಆದರೆ ಅವಳು ಬದುಕಿ ಬಂದಳು.

ಸಭೆಯ ದಿನ ನಾನು ಎದ್ದು ನಿಂತೆ. ನಡೆದದ್ದನ್ನೆಲ್ಲ ಹೇಳಿದೆ, ನನ್ನ ಸುಳ್ಳನ್ನೂ ಬಿಡಲಿಲ್ಲ. ಇಷ್ಟು ವರ್ಷ ನನ್ನನ್ನು ಗೌರವದಿಂದ ಕಂಡ ಜನರ ಮುಂದೆಯೇ ಅದನ್ನು ಹೇಳಿದೆ. ತಿಪ್ಪಯ್ಯನವರು ಊರುಗೋಲು ಹಿಡಿದು ಕುಳಿತಿದ್ದ ಹುಸೇನಬಿಯತ್ತ ತಿರುಗಿ, "ಅಭಯ ಅಂದ್ರ ಏನಂತ ನಿನಗ ಗೊತ್ತಿತ್ತೇನವ್ವಾ?" ಎಂದು ಕೇಳಿದರು.

"ಆ ಮಾತ ಕೇಳಿಲ್ರಿ," ಎಂದಳು. "ಮುತ್ಯಾನ ಕೈ ನಡುಗೂದು ನೋಡಿದ್ನಿ, ಅಷ್ಟ."

ಯಾರೂ ಮತ ಎಣಿಸಲಿಲ್ಲ. ಪದ ಉಳಿಯಿತು.

ಮರುದಿನ ಕ್ಷಮೆ ಕೇಳಲು ಅವಳ ಮನೆಗೆ ಹೋದೆ. ಮಾತು ಮುಗಿಸಲು ಬಿಡದೆ ಅವಳು ನಕ್ಕಳು. "ನಿಮ್ಮ ಉಸಿರು ಚಲೋ ಐತಿ ಅಂತ ನನಗ ಅವತ್ತ ಗೊತ್ತಿತ್ತು ಬಿಡ್ರಿ. ಆದ್ರ ಅಂಜಿಕಿ ಖರೇನ ಇತ್ತಲ್ಲ? ಅದಕ್ಕ ಕಳಿಸಿದ್ನಿ."

ನಾನು ಆ ಹೊಸ್ತಿಲ ಮೇಲೆ ಕುಳಿತು ಅತ್ತೆ. ಎರಡು ವರ್ಷ ಹುಡುಕಿದ ಅರ್ಥ ತೊಟ್ಟಿಲು ಸಿಕ್ಕಿಕೊಂಡ ದಿನವೇ ನನಗೆ ಸಿಕ್ಕಿತ್ತು, ಸುಳ್ಳು ಹೇಳಿದ ನನಗೇ.

ಬಂಧುಗಳೇ, ನೀವು ಬಿಟ್ಟುಹೋದ ನಿಘಂಟುಗಳಿಗೆ ನಾವು ಋಣಿ. ನಿಮ್ಮ ಪದಗಳಿಗೆ ನಮ್ಮಲ್ಲಿ ನೆಲೆಯಿದೆ, ಆ ಬಗ್ಗೆ ನನಗೆ ಅನುಮಾನವೇ ಇಲ್ಲ. ಒಂದು ಬೇಡಿಕೆ ಮಾತ್ರ. ಕರುಣೆ, ಸೈರಣೆ, ಶ್ರದ್ಧೆ ಎಂಬ ಪದಗಳ ಮುಂದೆ ಅರ್ಥ ಬರೆಯುವಾಗ, ಅದನ್ನು ನೀವು ಯಾರಲ್ಲಿ ಕಂಡಿರೋ ಅವರ ಹೆಸರನ್ನೂ, ಅವರು ಅಂದು ಮಾಡಿದ್ದನ್ನೂ ಎರಡು ಸಾಲಿನಲ್ಲಿ ಬರೆದಿಡಿ. ಅವರು ಇನ್ನೂ ಬದುಕಿದ್ದರೆ, ಬರೆಯುವ ಮೊದಲು ಅವರ ಮನೆಗೆ ಹೋಗಿ ಬನ್ನಿ.

ನಿಮ್ಮ ಮುಂದಿನವಳು,
ಪಾರ್ವತೆವ್ವ